ಪಂಚಾಯಿತಿ ಸದಸ್ಯರು ಸಭೆಯ ಕಾಗದಪತ್ರಗಳನ್ನು ಮೊಬೈಲಿನಲ್ಲಿ ಜೋಡಿಸಿಕೊಳ್ಳುವುದು ಹೇಗೆ

ಗ್ರಾಮ ಪಂಚಾಯಿತಿ ಕನಿಷ್ಠ ಎರಡು ತಿಂಗಳಿಗೊಮ್ಮೆ ಸಭೆ ಸೇರಬೇಕು. ಸಭೆಯಲ್ಲಿ ಮೊದಲು ಬರುವ ವಿಷಯ ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಬಹಳ ಸದಸ್ಯರು ಸೋಲುವುದು ಇಲ್ಲೇ. ಎರಡು ತಿಂಗಳ ಹಿಂದೆ ತಮ್ಮ ವಾರ್ಡಿನ ಚರಂಡಿಗೆ ಎಷ್ಟು ಮೊತ್ತ ಒಪ್ಪಿದ್ದರು ಎಂಬುದಕ್ಕೆ ಕೈಯಲ್ಲಿ ಕಾಗದ ಇರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೊ ಮೇಲೆ ಹೋಗಿ ಮರೆಯಾಗಿರುತ್ತದೆ, ಇಲ್ಲವೇ ಫೋನ್ ಬದಲಿಸಿದಾಗ ಅಳಿದಿರುತ್ತದೆ.

ಒಂದು ಗೂಗಲ್ ಖಾತೆ, ಒಂದು ಮೊಬೈಲ್ ಇದ್ದರೆ ಸಾಕು, ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಕಾಗದಗಳನ್ನು ಇಡಲು ಗೂಗಲ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗ ಧಾರಾಳವಾಯಿತು. ಲೆಕ್ಕ ಹಾಕಿ: ಸಭೆಗೆ 60 ಪುಟ, ವರ್ಷಕ್ಕೆ 6 ಸಭೆ, ಪುಟಕ್ಕೆ ಸುಮಾರು 300 ಕೆಬಿ. ಐದು ವರ್ಷದ ಅವಧಿಗೆಲ್ಲ ಸೇರಿ ಅರ್ಧ ಜಿಬಿಯ ಆಸುಪಾಸು. ಆದರೆ ಆ 15 ಜಿಬಿಯನ್ನು ಜಿಮೇಲ್, ಫೋಟೊಗಳೂ ಹಂಚಿಕೊಳ್ಳುತ್ತವೆ. ಮನೆಯ ಮದುವೆ ವಿಡಿಯೊಗಳಿಂದ ಖಾತೆ ತುಂಬಿದ್ದರೆ ಸದಸ್ಯತ್ವದ ಕೆಲಸಕ್ಕೆಂದೇ ಬೇರೆ ಖಾತೆ ತೆರೆಯಿರಿ. ಪಾಸ್‌ವರ್ಡ್ ಜೊತೆಗೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಲಾಗಿನ್ ಬಿಟ್ಟು ಬರಬೇಡಿ.

ಕಾಗದ ಕೈಗೆ ಬಂದ ದಿನವೇ ಸ್ಕ್ಯಾನ್ ಮಾಡಿ. ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಕ್ಯಾಮೆರಾ ಗುರುತಿನ ಸ್ಕ್ಯಾನ್ ಬಟನ್ ಇದೆ. ಕಾಗದವನ್ನು ಬಣ್ಣದ ಮೇಜಿನ ಮೇಲೆ, ಕಿಟಕಿ ಬೆಳಕಿನಲ್ಲಿ ಇಡಿ. ಬಿಳಿ ಮೇಜಾದರೆ ಪುಟದ ಅಂಚು ಆ್ಯಪ್‌ಗೆ ತಿಳಿಯುವುದಿಲ್ಲ, ಬಲಬದಿಯ ಮೊತ್ತದ ಕಾಲಂ ಕತ್ತರಿಸಿಹೋಗುತ್ತದೆ. ಇಡೀ ಕಾರ್ಯಸೂಚಿ ಒಂದೇ ಪಿಡಿಎಫ್ ಆಗಬೇಕು, ಪುಟಕ್ಕೊಂದು ಫೈಲ್ ಬೇಡ. ಕಚೇರಿಯಿಂದ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಫೋಟೊವನ್ನು ವಾಟ್ಸಾಪ್ ಕುಗ್ಗಿಸುವುದರಿಂದ ಅಂದಾಜು ಪಟ್ಟಿಯ ಸಣ್ಣ ಅಂಕಿಗಳು ಮಸುಕಾಗುತ್ತವೆ, 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ.

ಫೈಲ್ ಹೆಸರಿಗೆ ಒಂದೇ ಕ್ರಮ ಇರಲಿ: ವರ್ಷ-ತಿಂಗಳು-ದಿನ, ಸಭೆಯ ಬಗೆ, ಕಾಗದದ ಬಗೆ. ಉದಾಹರಣೆಗೆ «2025-03-12 ಸಾಮಾನ್ಯ ಸಭೆ ನಡಾವಳಿ». ವರ್ಷ ಮೊದಲು ಬಂದರೆ ಪಟ್ಟಿ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. 3 ಎಂದಲ್ಲ, 03 ಎಂದೇ ಬರೆಯಿರಿ. ಸರ್ವೆ ನಂಬರ್ 45/2 ಇದ್ದರೆ ಹೆಸರಿನಲ್ಲಿ 45-2 ಎಂದು ಹಾಕಿ, ಏಕೆಂದರೆ ಓರೆಗೆರೆ ಇರುವ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ. ಸಭೆಗೊಂದು ಫೋಲ್ಡರ್ ಮಾಡಿ. ಅದರಲ್ಲಿ ನೋಟಿಸ್, ಕಾರ್ಯಸೂಚಿ, ಜಮಾ-ಖರ್ಚು, ಸಹಿಯಾದ ನಡಾವಳಿ ಇರಲಿ. ಇನ್ನೂ ಒಳಗೆ ಉಪ-ಫೋಲ್ಡರ್ ಮಾಡುತ್ತಾ ಹೋದರೆ ಹುಡುಕುವುದೇ ಕೆಲಸವಾಗುತ್ತದೆ.

ಕನ್ನಡದ ಕಡತಗಳಲ್ಲಿ ಎದುರಾಗುವ ಒಂದು ತೊಡಕನ್ನು ಇಲ್ಲಿ ಬಿಡಿಸಿ ಹೇಳಬೇಕು. ಅನೇಕ ಕಚೇರಿಗಳಲ್ಲಿ ಇಂದಿಗೂ ನಡಾವಳಿ ಟೈಪಾಗುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ. ಪಿಡಿಎಫ್ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ರೂಪ ಹೊದಿಸಿದೆ ಅಷ್ಟೆ. ಹಾಗಾಗಿ «ಚರಂಡಿ» ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಬರುತ್ತದೆ. ಪರೀಕ್ಷೆ ಸುಲಭ: ಒಂದು ಸಾಲನ್ನು ವಾಟ್ಸಾಪ್‌ಗೆ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಬಗೆ.

ಆಸ್ಕಿ ಆಗಿದ್ದರೆ ಡಾಟಾ ಎಂಟ್ರಿ ಆಪರೇಟರ್ ಬಳಿ ಮೂಲ ವರ್ಡ್ ಫೈಲ್ ಕೇಳಿ, ನುಡಿ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಕಲಸುಮೇಲೋಗರ ಆಗುವುದುಂಟು, ಅವನ್ನು ಕೈಯಾರೆ ತಿದ್ದಬೇಕು. ವರ್ಡ್ ಫೈಲ್ ಸಿಗದಿದ್ದರೆ ಪುಟದ ಸ್ಕ್ರೀನ್‌ಶಾಟ್ ತೆಗೆದು ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಅದು ಚಿತ್ರದಲ್ಲಿರುವ ಕನ್ನಡವನ್ನು ಓದಿ ಅಕ್ಷರವಾಗಿಸುತ್ತದೆ. ಅನುಸ್ವಾರ ಮತ್ತು ಸೊನ್ನೆಯನ್ನು ಅದು ಒಂದಕ್ಕೊಂದು ಅದಲುಬದಲು ಮಾಡುವುದರಿಂದ ಮೊತ್ತ, ಸರ್ವೆ ನಂಬರ್, ಠರಾವಿನ ಸಂಖ್ಯೆಯನ್ನು ಮೂಲದ ಜೊತೆ ಬೆರಳಿಟ್ಟು ತಾಳೆ ನೋಡಿ. ಕೋಷ್ಟಕಗಳ ಕಾಲಂ ಚದುರಿಹೋಗುತ್ತವೆ, ಅವನ್ನು ಚಿತ್ರವಾಗಿಯೇ ಉಳಿಸಿಕೊಳ್ಳುವುದು ಮೇಲು.

ಈ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಶೀಟ್. ಫೋಲ್ಡರ್ ಇರುವುದು ಸಭೆಯ ಲೆಕ್ಕದಲ್ಲಿ, ಜನ ಕೇಳುವುದು ಕೆಲಸದ ಲೆಕ್ಕದಲ್ಲಿ. ಒಂದು ನೀರಿನ ಪೈಪ್‌ಲೈನ್ ಮಾರ್ಚಿನಲ್ಲಿ ಚರ್ಚೆಯಾಗಿ, ಮೇನಲ್ಲಿ ಠರಾವಾಗಿ, ಸೆಪ್ಟೆಂಬರಿನಲ್ಲಿ ಬಿಲ್ಲಿಗೆ ಬರುತ್ತದೆ. ಈ ಎಳೆಯನ್ನು ಹಿಡಿದಿಡಲು ಗೂಗಲ್ ಶೀಟ್ಸ್‌ನಲ್ಲಿ ಈ ಕಾಲಂಗಳನ್ನು ಮಾಡಿ: ಠರಾವು ಸಂಖ್ಯೆ, ಸಭೆಯ ದಿನಾಂಕ, ವಾರ್ಡ್, ಕೆಲಸ, ಅನುದಾನದ ಬಾಬ್ತು, ಮೊತ್ತ, ಯಾರ ಹೊಣೆ, ಗಡುವು, ಈಗಿನ ಸ್ಥಿತಿ, ಫೈಲಿನ ಲಿಂಕ್. ಮೊತ್ತವನ್ನು ಬರೀ ಅಂಕಿಯಲ್ಲಿ ಬರೆಯಿರಿ. «1.85 ಲಕ್ಷ» ಎಂದು ಬರೆದರೆ ಶೀಟ್ ಅದನ್ನು ಕೂಡುವುದಿಲ್ಲ. ಬಾಬ್ತಿನ ಕಾಲಂ ಬಿಡಬೇಡಿ: 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಆ ಹಣದಿಂದ ರಸ್ತೆ ಎಂದು ಹಳೆಯ ಠರಾವಿನಲ್ಲಿ ಬರೆದಿದ್ದರೆ ಕಣ್ಣಿಗೆ ಬೀಳುವುದು ಈ ಕಾಲಂನಲ್ಲೇ.

ನಿಮ್ಮ ಫೈಲ್‌ಗಳು ಅಧಿಕೃತ ದಾಖಲೆ ಅಲ್ಲ. ಸಹಿಯಾದ ನಡಾವಳಿ ಪುಸ್ತಕ ಕಚೇರಿಯಲ್ಲಿರುತ್ತದೆ, ಸಭೆಯ ವಿವರ ಪಂಚಾಯಿತಿಗಳ ಸರ್ಕಾರಿ ತಂತ್ರಾಂಶವಾದ ಪಂಚತಂತ್ರಕ್ಕೂ ಏರುತ್ತದೆ. ಸಭೆ ಮುಗಿದು ಕೆಲ ದಿನಗಳಲ್ಲಿ ನಿಮ್ಮ ಟಿಪ್ಪಣಿಯನ್ನು ಅವೆರಡರ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿದ್ದು ಮುಂದಿನ ಸಭೆಯ ದೃಢೀಕರಣದ ವೇಳೆಗೆ ನಿಲ್ಲುವುದಿಲ್ಲ.

ಊರಿನವರಿಗೆ ಲಿಂಕ್ ಕೊಡುವಾಗ «ನೋಡಲು ಮಾತ್ರ» ಎಂದಿಡಿ. ವಸತಿ ಫಲಾನುಭವಿಗಳ ಪಟ್ಟಿ, ಪಿಂಚಣಿ ಅರ್ಜಿಗಳಲ್ಲಿ ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಇರುತ್ತವೆ. ಅವು ಹೊರಗೆ ಹೋದರೆ ಮೋಸದ ಕರೆ ಬರುವುದು ಆ ಬಡವರಿಗೇ. ಇಂಥ ಕಾಗದಗಳಿಗೆ ಬೇರೆ ಫೋಲ್ಡರ್ ಮಾಡಿ, ಅದನ್ನು ಯಾರೊಂದಿಗೂ ಹಂಚಬೇಡಿ. ಹಂಚಲೇಬೇಕಾದ ಪ್ರತಿಯಲ್ಲಿ ಆಧಾರ್‌ನ ಮೊದಲ 8 ಅಂಕಿ ಮುಚ್ಚಿ. ಪೆನ್ನಿನಿಂದ ಕಾಗದದ ಮೇಲೆಯೇ ಕಪ್ಪಾಗಿಸಿ ಮತ್ತೆ ಸ್ಕ್ಯಾನ್ ಮಾಡುವುದು ಭದ್ರ, ಏಕೆಂದರೆ ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಅದರಡಿಯ ಅಕ್ಷರ ಹಾಗೆಯೇ ಉಳಿದಿರಬಹುದು.

ಸಭೆಯ ಹಿಂದಿನ ರಾತ್ರಿ ಫೋಲ್ಡರ್ ತೆರೆದು ಬೇಕಾದ ಫೈಲ್‌ಗಳನ್ನು ಆಫ್‌ಲೈನ್‌ಗೆ ಗುರುತು ಹಾಕಿಕೊಳ್ಳಿ, ಪಂಚಾಯಿತಿ ಕಟ್ಟಡದೊಳಗೆ ಸಿಗ್ನಲ್ ಸಿಗದಿರಬಹುದು. ಶೀಟ್‌ನಲ್ಲಿ ಗಡುವು ಮೀರಿದ ಸಾಲುಗಳನ್ನು ಸೋಸಿ, ಅದೊಂದು ಪುಟವನ್ನು ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಹೋಗಿ.