ಐಸ್ ಮೇಲೆ ಟ್ರ್ಯಾಕ್ಟರ್: ಚೈನ್ ಆರಿಸುವುದು, ಹಾಕುವುದು, ಓಡಿಸುವುದು

ಅಮೆರಿಕದ ವರ್ಮಾಂಟ್, ಮಿನೆಸೋಟದಂಥ ಕಡೆ ಚಳಿಗಾಲದಲ್ಲಿ ಟ್ರ್ಯಾಕ್ಟರಿಗೆ ಹಿಮಕ್ಕಿಂತ ಹೆಚ್ಚು ಕಾಟ ಕೊಡುವುದು ಅದರಡಿಯ ಐಸ್. ಹಗಲು ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟಿ ನುಣ್ಣಗಾಗುತ್ತದೆ. ಆಗ ಫೋರ್ ವೀಲ್ ಡ್ರೈವ್ ಇದ್ದರೂ ನಾಲ್ಕು ಗಾಲಿಯೂ ಜಾರುತ್ತವೆ. ಟೈರಿಗೆ ಸುತ್ತುವ ಕಬ್ಬಿಣದ ಚೈನ್ ಬೇಕೇ ಬೇಕು.

ಕೊಳ್ಳುವ ಮೊದಲು ಟೈರ್ ನೋಡಿ. ಹೊಲದ ಕೆಲಸದ ಆರ್-1 ಟೈರಿನಲ್ಲಿ ಎತ್ತರದ ಓರೆ ರಬ್ಬರ್ ಹಲ್ಲುಗಳು, ಅಂದರೆ ಲಗ್‌ಗಳು, ನಡುವೆ ಅಗಲವಾದ ಸಂದುಗಳು ಇರುತ್ತವೆ. ಬರೀ ಅಡ್ಡ ಸರಪಳಿಗಳಿರುವ ಏಣಿ ಮಾದರಿಯ ಚೈನ್ ಆ ಸಂದಿನೊಳಗೆ ಇಳಿದು ಕೂತುಬಿಡುತ್ತದೆ. ಐಸಿಗೆ ತಾಗುವುದು ರಬ್ಬರೇ, ಕೊಟ್ಟ ದುಡ್ಡು ದಂಡ. ಇಂಥ ಟೈರಿಗೆ ಅಡ್ಡ ಸರಪಳಿಗಳನ್ನು ಉದ್ದುದ್ದಕ್ಕೂ ಬೆಸೆದಿರುವ ಡ್ಯುಯೋ ಗ್ರಿಪ್ ಅಥವಾ ವಜ್ರಾಕಾರದ ಬಲೆಯ ಮಾದರಿಯೇ ಆಗಬೇಕು. ಹುಲ್ಲುಹಾಸಿನ ಆರ್-3, ಕೈಗಾರಿಕಾ ಆರ್-4 ಟೈರಿಗೆ ಏಣಿ ಮಾದರಿ ನಡೆಯುತ್ತದೆ. ಆದರೆ ಅಡ್ಡ ಸರಪಳಿ ಪಕ್ಕದ ಸರಪಳಿಯ ಎರಡು ಕೊಂಡಿಗೊಂದರಂತೆ ಇರಲಿ. ನಾಲ್ಕು ಕೊಂಡಿಗೊಂದಿದ್ದರೆ ನಡುವಿನ ರಬ್ಬರ್ ಮೇಲೆ ಗಾಲಿ ಜಾರಿ, ಮುಂದಿನ ಸರಪಳಿ ಸಿಕ್ಕಾಗ ಧಡಕ್ಕನೆ ಹಿಡಿಯುತ್ತದೆ. ಆ ಹೊಡೆತ ಆಕ್ಸಲ್‌ಗೆ ಬೀಳುತ್ತದೆ. ಏಣಿ ಮಾದರಿ ಪಕ್ಕಕ್ಕೆ ಜಾರುವುದನ್ನೂ ಅಷ್ಟಾಗಿ ತಡೆಯುವುದಿಲ್ಲ, ಹಾಗಾಗಿ ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸುವವರು ಬಲೆಯ ಮಾದರಿಯನ್ನೇ ಕೊಳ್ಳಿ. ಬರೀ ಐಸ್ ಇರುವಲ್ಲಿ ವಿ-ಬಾರ್, ಅಂದರೆ ವಿ ಆಕಾರದ ಉಕ್ಕಿನ ತುಂಡು, ಬೆಸೆದ ಚೈನ್ ಚೆನ್ನಾಗಿ ಕಚ್ಚುತ್ತದೆ, ಆದರೆ ಡಾಂಬರನ್ನೂ ಕಿತ್ತುಹಾಕುತ್ತದೆ.

ಟೈರಿನ ಪಕ್ಕದಲ್ಲಿ 11.2-24 ಎಂಬಂತೆ ಬರೆದಿರುವ ಅಳತೆಗೇ ಚೈನ್ ತರಿಸಿ. ಮಡ್‌ಗಾರ್ಡ್, ಹೈಡ್ರಾಲಿಕ್ ಲಿಫ್ಟಿನ ತೋಳು, ಬ್ರೇಕ್ ಪೈಪು, ಇವುಗಳಿಂದ ಟೈರಿಗೆ ಎರಡು ಇಂಚಾದರೂ ಅಂತರ ಬೇಕು. ಇಲ್ಲದಿದ್ದರೆ ಗಾಲಿಯನ್ನು ಹೊರಕ್ಕೆ ಸರಿಸುವ ವೀಲ್ ಸ್ಪೇಸರ್ ಹಾಕಬೇಕಾಗುತ್ತದೆ. ಒಂದೇ ಜೊತೆ ಇದ್ದರೆ ಹಿಂದಿನ ಗಾಲಿಗೆ. ಮುಂದಕ್ಕೂ ಹಾಕುವುದಾದರೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಬಕೆಟ್ ಎತ್ತುವ ಲೋಡರಿನ ಕಂಬಕ್ಕೆ ಚೈನ್ ಉಜ್ಜುತ್ತದೆಯೇ ನೋಡಿ.

ಸಮತಟ್ಟಾದ ಒಣ ಜಾಗದಲ್ಲಿ ನಿಲ್ಲಿಸಿ, ಬಕೆಟ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ, ಮುಂದಿನ ಗಾಲಿಗೆ ಅಡೆ ಕೊಡಿ. ಚೈನನ್ನು ನೆಲದ ಮೇಲೆ ಹರಡಿ ತಿರುಚು ಬಿಡಿಸಿ. ಅಡ್ಡ ಸರಪಳಿಯ ಕೊಕ್ಕೆಗಳ ತೆರೆದ ಬಾಯಿ ಹೊರಗೇ ಇರಬೇಕು, ಒಳಗಿದ್ದರೆ ಟೈರಿನ ಪಕ್ಕೆಯನ್ನು ಕೊರೆಯುತ್ತದೆ. ಟೈರಿನ ಮೇಲೆ ಹೊದಿಸಿ, ತುದಿಯನ್ನು ಗಾಲಿಯ ಕೆಳಕ್ಕೆ ಸೇರಿಸಿ, ಅಡೆ ತೆಗೆದು ಸ್ವಲ್ಪ ಉರುಳಿಸಿ. ಎರಡೂ ತುದಿ ಕೈಗೆ ಸಿಕ್ಕುತ್ತವೆ. ಮತ್ತೆ ಬ್ರೇಕ್ ಹಾಕಿ, ಇಂಜಿನ್ ಆರಿಸಿ, ಅಡೆ ಕೊಟ್ಟು, ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನ ಲಿವರ್ ಸಿಕ್ಕಿಸಿ. ಒಳಗೆ ಹೊರಗೆ ಎರಡೂ ಕಡೆ ಒಂದೇ ಲೆಕ್ಕದ ಕೊಂಡಿ ಉಳಿದಿರಬೇಕು, ವ್ಯತ್ಯಾಸವಾದರೆ ಚೈನ್ ಓರೆಯಾಗಿ ಕಳಚಿ ಬೀಳುತ್ತದೆ. ಉಳಿದ ತುದಿಯನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ.

ಸುಮಾರು 100 ಮೀಟರ್ ಮೆಲ್ಲಗೆ ಓಡಿಸಿ ನಿಲ್ಲಿಸಿದರೆ ಒಂದೆರಡು ಕೊಂಡಿಯಷ್ಟು ಸಡಿಲ ಬಂದಿರುತ್ತದೆ, ಮತ್ತೆ ಬಿಗಿಯಿರಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಮಡ್‌ಗಾರ್ಡ್ ಹರಿಯುವುದೂ ಇದರಿಂದಲೇ. ಗಾಳಿ ಇಳಿಸಿ ಚೈನ್ ಹಾಕಿ, ಮತ್ತೆ ತುಂಬಿಸಿ ಬಿಗಿ ಮಾಡುವ ಉಪಾಯ ಬೇಡ.

ಹಿಂದೆ ಭಾರ ಇಲ್ಲದಿದ್ದರೆ ಚೈನೂ ಕಚ್ಚುವುದಿಲ್ಲ, ಅದರಲ್ಲೂ ಬಕೆಟ್ ತುಂಬಿದಾಗ. ಲಿಫ್ಟಿಗೆ ಭಾರದ ಪೆಟ್ಟಿಗೆ ಕಟ್ಟಿ, ಇಲ್ಲವೇ ಟೈರಿಗೆ ಹೆಪ್ಪುಗಟ್ಟದ ದ್ರವ ತುಂಬಿಸಿ. ಬರೀ ನೀರು ಬೇಡ.

ಇಳಿಜಾರಿನಲ್ಲಿ ಕೆಳ ಗೇರ್, ಫೋರ್ ವೀಲ್ ಆನ್, ಬಕೆಟ್ ನೆಲಕ್ಕೆ ಹತ್ತಿರ. ಎಷ್ಟೋ ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಷ್ಟೇ. ಇಳಿಯುವಾಗ ಭಾರ ಮುಂದಕ್ಕೆ ವಾಲಿ ಹಿಂಭಾಗ ಹಗುರವಾಗುತ್ತದೆ; ಫೋರ್ ವೀಲ್ ಹಾಕಿದ್ದರೆ ಮುಂದಿನ ಗಾಲಿಗಳೂ ತಡೆಯುತ್ತವೆ. ಕ್ಲಚ್ ಒತ್ತಿ ಜಾರಲು ಬಿಡಬೇಡಿ. ತಿರುವಿನಲ್ಲಿ ಎರಡೂ ಹಿಂದಿನ ಗಾಲಿಗಳನ್ನು ಒಂದೇ ವೇಗಕ್ಕೆ ಕಟ್ಟುವ ಡಿಫರೆನ್ಷಿಯಲ್ ಲಾಕ್ ಬೇಡ. ಗಾಲಿ ಇದ್ದಲ್ಲೇ ಸುತ್ತತೊಡಗಿದರೆ ಆಕ್ಸಿಲರೇಟರ್ ಬಿಡಿ.

ವಸಂತದಲ್ಲಿ ಬಿಚ್ಚಿ, ಐಸ್ ಕರಗಿಸಲು ರಸ್ತೆಗೆ ಹಾಕಿದ ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಎಣ್ಣೆ ಸವರಿ ತೂಗುಹಾಕಿ. ಯಾವುದಾದರೂ ಕೊಂಡಿ ಅರ್ಧಕ್ಕೆ ಸವೆದಿದ್ದರೆ ಆ ಅಡ್ಡ ಸರಪಳಿಯನ್ನು ಆಗಲೇ ಬದಲಿಸಿ.