ಬೇಲಿಯಡಿಯ ದಾರಿಯಲ್ಲಿ ಕಾದು ಕೂತು: ಕಡಿಮೆ ಖರ್ಚಿನ ಪ್ರಾಂಗ್‌ಹಾರ್ನ್ ಶಿಕಾರಿಯ ನನ್ನ ಅನುಭವ

ಅಮೆರಿಕದ ವಯೋಮಿಂಗ್ ರಾಜ್ಯದ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಯನ್ನು ಹೊಡೆಯಬೇಕಾದರೆ ಫೋರ್-ವೀಲ್ ಪಿಕಪ್ ಬೇಕು, ನಾನೂರು ಗಜಕ್ಕೆ ಗುರಿಯಿಡುವ ದುಬಾರಿ ಕೋವಿ ಬೇಕು, ಅವೆರಡೂ ಇಲ್ಲದಿದ್ದರೆ ಎರಡು-ಮೂರು ಸಾವಿರ ಡಾಲರ್ ಕೊಟ್ಟು ಗೈಡ್ ಹಿಡಿಯಬೇಕು ಎಂದು ಕೊಲರಾಡೋದ ನಮ್ಮ ಶೂಟಿಂಗ್ ರೇಂಜಿನಲ್ಲಿ ಹೇಳದವರಿಲ್ಲ. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಗೆಳೆಯನೂ ಹಳೆಯ ಮಿನಿವ್ಯಾನ್‌ನಲ್ಲಿ ಹೋಗಿ, ಸರ್ಕಾರಿ ಭೂಮಿಯಲ್ಲೇ ನಡೆದು, ನೂರು ಗಜದ ಆಸುಪಾಸಿನಿಂದ ತಲಾ ಒಂದು ಹೆಣ್ಣನ್ನು ಹೊಡೆದು ಮನೆಗೆ ತಂದೆವು. ಇಬ್ಬರ ಖರ್ಚೂ ಸೇರಿ ಮುನ್ನೂರೈವತ್ತು ಡಾಲರ್ ದಾಟಲಿಲ್ಲ. ಈ ವಿಧಾನವನ್ನು ಮೊದಲು ವಿವರಿಸಿದಾಗ ತಲೆಯಲ್ಲಾಡಿಸಿದವರೇ ಈಗ ನಮ್ಮ ಹಂಟ್ ಏರಿಯಾದ, ಎಂದರೆ ಪರವಾನಗಿ ಅನ್ವಯಿಸುವ ಶಿಕಾರಿ ವಲಯದ, ಸಂಖ್ಯೆ ಕೇಳುತ್ತಿದ್ದಾರೆ. ಸಂಖ್ಯೆಯನ್ನು ಹೇಳುವುದಿಲ್ಲ. ಮೆಡಿಸಿನ್ ಬೋ ಊರಿನಿಂದ 487ನೇ ಹೆದ್ದಾರಿ ಹಿಡಿದು ಉತ್ತರಕ್ಕೆ, ಶರ್ಲಿ ಬೇಸಿನ್ ಕಡೆಗೆ ಹೋದೆವು ಎಂಬಷ್ಟು ತಿಳಿದರೆ ಸಾಕು.

ಹಣದ ಲೆಕ್ಕ ಪರವಾನಗಿಯಿಂದಲೇ ಶುರುವಾಗುತ್ತದೆ. ಗಂಡನ್ನೂ ಹೊಡೆಯಬಹುದಾದ ಪರವಾನಗಿಗೆ ಹೊರರಾಜ್ಯದವರು 326 ಡಾಲರ್ ತೆರಬೇಕು. ಹೆಣ್ಣು ಅಥವಾ ಮರಿಗೆ ಮೀಸಲಾದ ಪರವಾನಗಿ 34 ಡಾಲರಿಗೆ ಸಿಗುತ್ತದೆ. ಗೋಡೆಗೆ ಕೊಂಬು ಬೇಡ, ಅಡುಗೆಮನೆಗೆ ಮಾಂಸ ಬೇಕು ಎನ್ನುವವರು ಎರಡನೆಯದನ್ನು ಬಿಟ್ಟು ಮೊದಲನೆಯದರ ಹಿಂದೆ ಬೀಳಲು ಕಾರಣವೇ ಇಲ್ಲ. ಅರ್ಜಿ ಶುಲ್ಕ 15 ಡಾಲರ್, ಕನ್ಸರ್ವೇಶನ್ ಸ್ಟಾಂಪಿಗೆ ಇಪ್ಪತ್ತೊಂದೂವರೆ. 2022-23ರ ಭೀಕರ ಚಳಿಗಾಲದಲ್ಲಿ ರಾಜ್ಯದ ಪಶ್ಚಿಮ ಭಾಗದಲ್ಲಿ ಸಾವಿರಾರು ಪ್ರಾಂಗ್‌ಹಾರ್ನ್ ಸತ್ತ ಮೇಲೆ ರಾಜ್ಯದ ವನ್ಯಜೀವಿ ಇಲಾಖೆ ಪರವಾನಗಿಗಳನ್ನು ಬಹಳಷ್ಟು ಕಡಿತಗೊಳಿಸಿತು. ಆದ್ದರಿಂದ ಅರ್ಜಿಗಳ ಲಾಟರಿ ಮುಗಿದ ಮೇಲೆ ಜುಲೈಯಲ್ಲಿ ಉಳಿಕೆ ಪರವಾನಗಿ ಕೊಂಡರಾಯಿತು ಎಂಬ ಹಳೆಯ ಧೈರ್ಯ ಈಗ ನಡೆಯುವುದಿಲ್ಲ. ಜೂನ್ ಆರಂಭದ ಗಡುವಿನೊಳಗೆ ಇಬ್ಬರೂ ಒಂದೇ ಗುಂಪಾಗಿ ಅರ್ಜಿ ಹಾಕಿದರೆ ಇಬ್ಬರಿಗೂ ಸಿಗುತ್ತದೆ, ಇಲ್ಲವೇ ಇಬ್ಬರಿಗೂ ಇಲ್ಲ, ಒಬ್ಬನೇ ಹೋಗುವ ಪ್ರಸಂಗ ಬರುವುದಿಲ್ಲ.

ಈ ಹಂತಕ್ಕೆ ಬರುವ ಮೊದಲು ಕೆಲವು ವರ್ಷ ದುಡ್ಡೂ ಹೋಯಿತು, ಮೊಣಕಾಲೂ ಸವೆಯಿತು. ಒಮ್ಮೆ ಒಂದು ರಾಂಚಿನವರಿಗೆ ತಲಾ ನೂರೈವತ್ತು ಡಾಲರ್ ಪ್ರವೇಶ ಶುಲ್ಕ ಕೊಟ್ಟು ಒಳಗೆ ಹೋದರೆ, ಅದೇ ದಿನಕ್ಕೆ ಇನ್ನೂ ಎರಡು ತಂಡಗಳಿಂದ ಅವರು ಹಣ ಪಡೆದಿದ್ದರು. ನಾವು ಗುಡ್ಡ ಹತ್ತುವಷ್ಟರಲ್ಲಿ ಹಿಂಡು ಕ್ಷಿತಿಜದಲ್ಲಿ ಧೂಳಾಗಿತ್ತು. ಮತ್ತೊಂದು ಸಲ ಋತುವಿನ ಮೊದಲ ದಿನವೇ ಸರ್ಕಾರಿ ಭೂಮಿಗೆ ಹೋದಾಗ ಬೆಳಕು ಹರಿಯುವ ಮೊದಲೇ ದಿಬ್ಬಕ್ಕೊಂದು ಪಿಕಪ್ ನಿಂತಿತ್ತು. ಗಾಳಿಯಂತ್ರದ ಬುಡದಲ್ಲಿರುವ ದನದ ನೀರಿನ ತೊಟ್ಟಿಯ ಹತ್ತಿರ ಮರೆಯ ಗುಡಾರ ಹಾಕಿ ಅಡಗಿ ಕೂತದ್ದೂ ಉಂಟು. ಬಿಲ್ಲುಬಾಣದವರು ಆಗಸ್ಟ್‌ನ ಬಿಸಿಲಿನಲ್ಲಿ ಹಾಗೆ ಕೂತು ಗೆಲ್ಲುತ್ತಾರೆ, ಆದರೆ ಅಕ್ಟೋಬರಿನಲ್ಲಿ ಒಂದು ಮಳೆ ಬಿದ್ದರೆ ಸಾಕು, ಪ್ರಾಂಗ್‌ಹಾರ್ನ್ ತೊಟ್ಟಿಯ ಕಡೆ ತಲೆ ಹಾಕುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ದಣಿಸಿದ್ದು ತೆವಳುವ ವಿಧಾನ. ಸೇಜ್ ಎಂಬ ಘಾಟು ವಾಸನೆಯ ಪೊದೆಗಳು ಅಲ್ಲಿ ಮೊಣಕಾಲಿನ ಎತ್ತರಕ್ಕೂ ಬರುವುದಿಲ್ಲ, ಅವುಗಳ ನಡುವೆ ನೆಲಕ್ಕಂಟಿಕೊಂಡ ಪಾಪಾಸುಕಳ್ಳಿ. ಟೈಲ್ಸ್ ಕೆಲಸದವರು ಕಟ್ಟಿಕೊಳ್ಳುವ ಮೊಣಕಾಲು ಪಟ್ಟಿಯನ್ನು ಹನ್ನೆರಡು ಡಾಲರಿಗೆ ತಂದುಕೊಂಡದ್ದು ಒಳ್ಳೆಯ ಖರೀದಿಯೇ ಆಯಿತು, ಆದರೆ ಅಂಗೈಗೆ ಅಂಥದ್ದೇನೂ ಇಲ್ಲ. ಗಂಟೆಗಟ್ಟಲೆ ತೆವಳಿ ಇನ್ನೂರೈವತ್ತು ಗಜಕ್ಕೆ ಬರುವಷ್ಟರಲ್ಲಿ ಹಿಂಡಿನ ಕಾವಲಿನ ಹೆಣ್ಣೊಂದು ನಮ್ಮನ್ನು ಕಂಡು ಹಿಂಭಾಗದ ಬಿಳಿ ಕೂದಲನ್ನು ಅರಳಿಸುತ್ತದೆ, ಮರುಕ್ಷಣ ಇಡೀ ಹಿಂಡು ಗಂಟೆಗೆ ಐವತ್ತು ಮೈಲಿಗೂ ಮೀರಿದ ವೇಗದಲ್ಲಿ ಹೋಗಿರುತ್ತದೆ. ದೂರದಿಂದಲೇ ಹೊಡೆಯಿರಿ ಎನ್ನುವವರಿಗೆ ನನ್ನ ಉತ್ತರ ಒಂದೇ: ಆ ಬಯಲಿನಲ್ಲಿ ಇಪ್ಪತ್ತು ಮೈಲಿ ವೇಗದ ಅಡ್ಡಗಾಳಿ ಸಾಮಾನ್ಯ, ಮತ್ತು ನನ್ನ ಪಾಯಿಂಟ್ 243 ಕ್ಯಾಲಿಬರ್ ಕೋವಿಯ ನೂರು ಗ್ರೇನ್ ತೂಕದ ಗುಂಡನ್ನು ಅದು ಇನ್ನೂರು ಗಜಕ್ಕೆ ಆರೇಳು ಅಂಗುಲ, ಮುನ್ನೂರು ಗಜಕ್ಕೆ ಹದಿನೈದು ಅಂಗುಲದಷ್ಟು ಪಕ್ಕಕ್ಕೆ ತಳ್ಳುತ್ತದೆ. ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡುವುದನ್ನು ನೋಡುವುದಕ್ಕಿಂತ ಬರಿಗೈಯಲ್ಲಿ ಮನೆಗೆ ಬರುವುದು ಮೇಲು.

ದಾರಿ ತೋರಿಸಿದ್ದು ಬೇಲಿ. ಪ್ರಾಂಗ್‌ಹಾರ್ನ್ ಬೇಲಿಯನ್ನು ಹಾರಬಲ್ಲದು, ಆದರೆ ಸಾಮಾನ್ಯವಾಗಿ ಹಾರುವುದಿಲ್ಲ. ಕೆಳಗಿನ ತಂತಿಯಡಿ ನುಸುಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲೆಂದರಲ್ಲಿ ನುಸುಳುವುದಿಲ್ಲ, ಮೈಲಿಗಟ್ಟಲೆ ಬೇಲಿಯಲ್ಲಿ ಎರಡೋ ಮೂರೋ ಕಡೆ ಮಾತ್ರ ನುಸುಳುತ್ತದೆ ಎಂಬುದನ್ನು ಯಾರೂ ಕಾಲುನಡಿಗೆಯಲ್ಲಿ ಹೋಗಿ ನೋಡಿದಂತಿಲ್ಲ. ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ನಾವಿಬ್ಬರೂ ಬೇಲಿಯುದ್ದಕ್ಕೂ ನಡೆದೆವು. ನೆಲ ಸ್ವಲ್ಪ ತಗ್ಗಾಗಿ, ಕೆಳತಂತಿ ಹದಿನೆಂಟು ಅಂಗುಲದಷ್ಟು ಮೇಲಿದ್ದ ಒಂದು ಕಡೆ ಮಣ್ಣು ನುಣ್ಣಗೆ ಸವೆದಿತ್ತು. ತಂತಿಯ ಮುಳ್ಳುಗಳಿಗೆ ಕಂದು ಕೂದಲ ಗೊಂಚಲುಗಳು ಸಿಕ್ಕಿಕೊಂಡಿದ್ದವು. ಬೆರಳಿನಿಂದ ಹಿಡಿದು ಮಡಿಸಿದರೆ ಆ ಕೂದಲು ಒಣಹುಲ್ಲಿನಂತೆ ಮುರಿಯುತ್ತದೆ, ಏಕೆಂದರೆ ಅದರ ಒಳಗೆ ಟೊಳ್ಳು. ಹೆಜ್ಜೆಗಳನ್ನೂ ನೋಡಿದೆವು. ಅಲ್ಲಿನ ಮ್ಯೂಲ್ ಡೀರ್ ಜಿಂಕೆ ಮೆತ್ತನೆಯ ಮಣ್ಣಿನಲ್ಲಿ ಓಡಿದರೆ ಗೊರಸಿನ ಹಿಂದೆ ಎರಡು ಚಿಕ್ಕ ಚುಕ್ಕೆಗಳು ಮೂಡುತ್ತವೆ. ಪ್ರಾಂಗ್‌ಹಾರ್ನಿಗೆ ಆ ಹಿಂಗೊರಸೇ ಇಲ್ಲ. ಇಲ್ಲಿ ಕಂಡ ಹೆಜ್ಜೆಗಳಲ್ಲಿ ಒಂದರಲ್ಲೂ ಚುಕ್ಕೆ ಇರಲಿಲ್ಲ.

ಬೇಲಿ ಆರಿಸುವಾಗ ಭೂಮಿಯ ಒಡೆತನವನ್ನು ಮೊದಲು ನೋಡಬೇಕು. ಯೂನಿಯನ್ ಪೆಸಿಫಿಕ್ ರೈಲುಹಾದಿಗೆ 1860ರ ದಶಕದಲ್ಲಿ ಕೊಟ್ಟ ಭೂದಾನದಿಂದಾಗಿ ಹಳಿಯ ಇಕ್ಕೆಲಗಳಲ್ಲಿ ಒಂದು ಚದರ ಮೈಲಿ ಸರ್ಕಾರಿ, ಪಕ್ಕದ್ದು ಖಾಸಗಿ ಎಂಬ ಚದುರಂಗದ ಮಣೆ ಇಂದಿಗೂ ಉಳಿದಿದೆ. ಖಾಸಗಿ ನೆಲವನ್ನು ಮುಟ್ಟದೆ ಮೂಲೆಯಿಂದ ಮೂಲೆಗೆ ದಾಟುವುದನ್ನು ತಡೆಯುವಂತಿಲ್ಲ ಎಂದು ಹತ್ತನೇ ಸರ್ಕೀಟಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿರುವುದು ನಮ್ಮಂಥವರಿಗೆ ದೊಡ್ಡ ಬಲ. ಆದರೂ ನಾವು ಎರಡೂ ಬದಿ ಬಿಎಲ್‌ಎಂ (ಸಾರ್ವಜನಿಕ ಭೂಮಿ ನೋಡಿಕೊಳ್ಳುವ ಫೆಡರಲ್ ಸಂಸ್ಥೆ) ಭೂಮಿಯೇ ಇರುವ, ಮೇವಿನ ಗುತ್ತಿಗೆಗಳನ್ನು ಬೇರ್ಪಡಿಸುವ ಒಳಬೇಲಿಯನ್ನೇ ಹುಡುಕಿದೆವು. ಹೊಡೆದ ಪ್ರಾಣಿ ನಾಲ್ಕು ಹೆಜ್ಜೆ ಓಡಿ ಬೇರೆಯವರ ನೆಲದಲ್ಲಿ ಬಿದ್ದರೆ ಆಗುವ ತೊಂದರೆ ಯಾರಿಗೂ ಬೇಡ. ಇದಕ್ಕೆ ಭೂಮಿಯ ಒಡೆತನವನ್ನು ನಕ್ಷೆಯಲ್ಲಿ ತೋರಿಸುವ ಆನ್‌ಎಕ್ಸ್ ಆಪಿನ ಒಂದು ರಾಜ್ಯದ ಚಂದಾ ಸಾಕು, ವರ್ಷಕ್ಕೆ ಮೂವತ್ತೈದು ಡಾಲರ್ ಆಸುಪಾಸು. ಕುರಿಗೆಂದು ಹಾಕಿದ ಹೆಣೆದ ತಂತಿಯ ಬೇಲಿಯಾದರೆ ಅಲ್ಲಿ ಕೂರಬೇಡಿ, ಅದರಡಿ ಏನೂ ನುಸುಳಲಾರದು.

ನನ್ನ ಗೆಳೆಯ ಸಕಲೇಶಪುರದ ಕಡೆಯವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಕಥೆಯಾಗಿ ಮಾತ್ರ ಉಳಿದ ಹಳುವಿನ ಶಿಕಾರಿಯನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವನು. ಬೇಲಿಯ ಕೂದಲನ್ನು ನೋಡುತ್ತಿದ್ದಂತೆ, "ಇದರ ಹಿಂದೆ ನಾವು ತೆವಳುವುದು ಯಾಕೆ ಮಾರಾಯ? ಒಬ್ಬ ಬಿಲ್ಲಿಗೆ ಕೂತು ಇನ್ನೊಬ್ಬ ಸೋವಿದರಾಯಿತಲ್ಲ?" ಎಂದ. ಬಿಲ್ಲು ಎಂದರೆ ಪ್ರಾಣಿ ಬರುವ ದಾರಿಯಲ್ಲಿ ಕೋವಿ ಹಿಡಿದು ಕಾಯುವ ಜಾಗ, ಸೋವುವುದೆಂದರೆ ಪ್ರಾಣಿಯನ್ನು ಎಬ್ಬಿಸಿ ಅತ್ತ ಕಳಿಸುವುದು. ಮಲೆನಾಡಿನಲ್ಲಿ ಸೋವುವವರು ಕೂಗು ಹಾಕಿ ನುಗ್ಗುತ್ತಿದ್ದರು. ಇಲ್ಲಿ ಹಾಗೆ ಮಾಡಿದರೆ ಹಿಂಡು ಇನ್ನೊಂದು ಕೌಂಟಿ ಸೇರುತ್ತದೆ. ಸೋವುವವನು ಒಂದು ಮೈಲಿ ದೂರದ ದಿಬ್ಬದ ಮೇಲೆ, ಕಿತ್ತಳೆ ಬಣ್ಣದ ಅಂಗಿಯಲ್ಲಿ, ಹಿಂಡಿಗೆ ಸುಮ್ಮನೆ ಕಾಣಿಸಿಕೊಳ್ಳಬೇಕು. ನೇರವಾಗಿ ಅದರ ಕಡೆ ನಡೆಯಬಾರದು, ಓರೆಯಾಗಿ ನಡೆಯಬೇಕು. ಅವು ತಲೆಯೆತ್ತಿದರೆ ನಿಲ್ಲಬೇಕು, ಮೇಯತೊಡಗಿದರೆ ಮತ್ತೆ ಹತ್ತಿಪ್ಪತ್ತು ಹೆಜ್ಜೆ. ಓಡಿಸಿದ ಪ್ರಾಂಗ್‌ಹಾರ್ನ್ ಎಲ್ಲಿಗಾದರೂ ಓಡುತ್ತದೆ, ಮನಸ್ಸಿಗೆ ಕಸಿವಿಸಿಯಾದ ಪ್ರಾಂಗ್‌ಹಾರ್ನ್ ಮಾತ್ರ ತನ್ನ ಪರಿಚಿತ ದಾರಿ ಹಿಡಿದು ನಡೆಯುತ್ತದೆ. ನಮ್ಮ ವಿಧಾನದ ತಿರುಳೆಲ್ಲ ಇದರಲ್ಲೇ ಇದೆ.

ಬಿಲ್ಲಿಗೆ ಕೂತವನು ಯಾವ ಕೋನದೊಳಗೆ ಮಾತ್ರ ಈಡು ಹೊಡೆಯಬಹುದು ಎಂಬುದನ್ನು ಹಿಂದಿನ ಸಂಜೆಯೇ ನೆಲದಲ್ಲಿ ಎರಡು ಕಲ್ಲಿಟ್ಟು ಗುರುತು ಮಾಡಿದ್ದೆವು. ಆ ಕೋನದ ಹಿಂದೆ ಎತ್ತರದ ಮಣ್ಣಿನ ದಿಬ್ಬವಿತ್ತು, ಗೆಳೆಯ ಬರುವ ದಿಕ್ಕು ಪೂರ್ತಿ ಹೊರಗಿತ್ತು. ಇದಿಲ್ಲದೆ ಈ ವಿಧಾನಕ್ಕೆ ಕೈ ಹಾಕಲೇಬಾರದು. ವಾಕಿ-ಟಾಕಿ ಬಳಸಲಿಲ್ಲ, ಕೈಗಡಿಯಾರ ಸಾಕಾಯಿತು. ಕೂರುವ ಜಾಗ ನುಸುಳುದಾರಿಯಿಂದ ತೊಂಬತ್ತರಿಂದ ನೂರಿಪ್ಪತ್ತು ಗಜ ದೂರದಲ್ಲಿ, ಗಾಳಿ ಹಿಂಡಿನಿಂದ ನಮ್ಮ ಕಡೆಗೆ ಬೀಸುವ ಬದಿಯಲ್ಲಿ. ಅದಕ್ಕಿಂತ ಹತ್ತಿರ ಹೋದರೆ ಕೋವಿ ಎತ್ತುವ ಚಲನೆಯೇ ಕಣ್ಣಿಗೆ ಬೀಳುತ್ತದೆ. ಇನ್ನೂ ಒಂದು ಸಂಗತಿಯಿದೆ, ಕೂತವನ ಹಿನ್ನೆಲೆಗೆ ಏನಿಡಬೇಕು ಎಂಬುದು. ಅದನ್ನು ಇನ್ನೊಂದು ಋತು ಪರೀಕ್ಷಿಸುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ವಾರದ ನಡುವಿನ ದಿನ, ಮೊದಲ ದಿನದ ಗದ್ದಲ ಮುಗಿದು ಪಿಕಪ್‌ಗಳೆಲ್ಲ ಹಿಂದಿರುಗಿದ ಮೇಲೆ ಹೋದೆವು. ರಾತ್ರಿ ಬಿಎಲ್‌ಎಂ ಭೂಮಿಯಲ್ಲಿ ಮಿನಿವ್ಯಾನಿನ ಹಿಂದಿನ ಸೀಟುಗಳನ್ನು ಮಡಚಿ ಮಲಗಿದೆವು. ರಾಜ್ಯದ ಟ್ರಸ್ಟ್ ಭೂಮಿಯಲ್ಲಿ ಬಿಡಾರ ಹೂಡುವಂತಿಲ್ಲ, ನಕ್ಷೆಯಲ್ಲಿ ಬಣ್ಣ ನೋಡಿ ನಿಲ್ಲಿಸಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಗೆಳೆಯ ದಿಬ್ಬದ ಮೇಲೆ ಕಾಣಿಸಿಕೊಂಡ. ಒಂದು ಡಜನ್‌ನಷ್ಟಿದ್ದ ಹಿಂಡು ನಿಧಾನವಾಗಿ ಎದ್ದು, ಬೇಲಿಗೆ ಬಂದು, ಬೇಲಿಯ ಪಕ್ಕದಲ್ಲೇ ಸಾಲಾಗಿ ನಡೆದು ನುಸುಳುದಾರಿಯ ಮುಂದೆ ನಿಂತಿತು. ಮುಂದಿನ ಹೆಣ್ಣು ತಲೆ ತಗ್ಗಿಸಿ, ಮುಂಗಾಲು ಮಡಚಿ ತಂತಿಯಡಿ ಜಾರಿ ಈಚೆ ಬಂದು ಮೈ ಕೊಡವಿತು. ಎರಡನೆಯದು, ಮೂರನೆಯದು ಬಂದವು. ಒಂಟಿಯಾಗಿ ಅಡ್ಡ ನಿಂತ ನಾಲ್ಕನೆಯದರ ಭುಜದ ಹಿಂದೆ ಗುರಿಯಿಟ್ಟೆ. ಅದು ಮೂವತ್ತು ಗಜವೂ ಓಡಲಿಲ್ಲ. ಮಧ್ಯಾಹ್ನದ ಮೇಲೆ ನಾನು ಸೋವಿದೆ, ಇನ್ನೊಂದು ನುಸುಳುದಾರಿಯಲ್ಲಿ ಗೆಳೆಯ ಕೂತ. ಬೇರೊಂದು ಹಿಂಡು ಮೊದಲ ಸಲ ದಾರಿ ಬದಲಿಸಿ ಹೋಯಿತು, ಸೂರ್ಯ ಇಳಿಯುವ ಮೊದಲು ತಾನಾಗಿಯೇ ಸುತ್ತು ಹಾಕಿ ಅದೇ ಬೇಲಿಗೆ ಬಂತು. ಇನ್ನೂರೈವತ್ತು ಡಾಲರಿಗೆ ಕೊಂಡ ಹಳೆಯ ಸವೇಜ್ ಆಕ್ಸಿಸ್ ಕೋವಿಯೊಂದೇ ಇಬ್ಬರಿಗೂ ಆಯಿತು.

ಪ್ರಾಂಗ್‌ಹಾರ್ನ್ ಮಾಂಸಕ್ಕೆ ಸೇಜ್ ವಾಸನೆ ಎಂದು ಮೂಗು ಮುರಿಯುವವರು ಓಡಿಸಿ ಬೆವರಿಳಿಸಿದ ಪ್ರಾಣಿಯನ್ನು ಹೊಡೆದು, ಚರ್ಮ ಸಹಿತ ಪಿಕಪ್ಪಿನ ಹಿಂದೆ ಬಿಸಿಲಿನಲ್ಲಿ ಹಾಕಿಕೊಂಡು ಊರೆಲ್ಲ ಸುತ್ತಿದವರು. ನಾವು ಪರವಾನಗಿಯ ಕೂಪನ್ನಿಗೆ ದಿನಾಂಕ ಗುರುತಿಸಿ ಸಹಿ ಮಾಡಿದ ತಕ್ಷಣ ಚರ್ಮ ಸುಲಿದೆವು. ಕೂದಲು ಮಾಂಸಕ್ಕೆ ತಾಗದಂತೆ ಚಾಕುವನ್ನು ಯಾವಾಗಲೂ ಒಳಗಿನಿಂದ ಹೊರಗೆ ಓಡಿಸಬೇಕು, ಕೂದಲು ಮುಟ್ಟಿದ ಕೈಯಿಂದ ಮಾಂಸ ಮುಟ್ಟಬಾರದು. ಕಾಲು, ಭುಜ, ಬೆನ್ನಿನ ಮಾಂಸವನ್ನು ಬಿಡಿಸಿ ಹಳೆಯ ತಲೆದಿಂಬಿನ ಹತ್ತಿಯ ಚೀಲಗಳಿಗೆ ತುಂಬಿದೆವು. ಆ ಚೀಲಗಳನ್ನು ಮೊದಲೇ ಯಾವುದರಲ್ಲಿ ಅದ್ದಿ ಒಣಗಿಸಿದ್ದೆ ಎಂಬುದನ್ನೂ ಸದ್ಯ ಹೇಳಲಾರೆ. ಸಾಗಿಸಲು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಹದಿನೈದು ಡಾಲರಿಗೆ ತಂದ ಮೂರು ಗಾಲಿಯ ಮಗುವಿನ ತಳ್ಳುಗಾಡಿ. ಗಾಲಿ ದೊಡ್ಡದಿದ್ದರೆ ಸೇಜ್ ಬಯಲಿನಲ್ಲಿ ಅದು ಸಲೀಸಾಗಿ ಓಡುತ್ತದೆ. ಐಸಿಗೂ ಹಣ ಹಾಕಬೇಕಿಲ್ಲ: ಹಾಲಿನ ಗ್ಯಾಲನ್ ಕ್ಯಾನುಗಳಲ್ಲಿ ಉಪ್ಪುನೀರು ತುಂಬಿ ಮನೆಯ ಫ್ರೀಜರಿನಲ್ಲಿ ಗಟ್ಟಿ ಮಾಡಿ ಒಯ್ದರೆ ಮಾಂಸ ಒದ್ದೆಯಾಗುವುದೂ ಇಲ್ಲ.

ಕೆಲವು ಪ್ರಯೋಗಗಳನ್ನೂ ಮಾಡಿದೆವು. ಕೋಲಿಗೆ ಬಿಳಿ ಕರವಸ್ತ್ರ ಕಟ್ಟಿ ಬೀಸಿದರೆ ಕುತೂಹಲಕ್ಕೆ ಹತ್ತಿರ ಬರುತ್ತವೆ ಎಂಬ ಹಳೆಯ ಮಾತು ಎಳೆಯ ಗಂಡುಗಳ ಮಟ್ಟಿಗೆ ನಿಜ. ಒಂದು ಗಂಡು ಆರುನೂರು ಗಜದಿಂದ ಮುನ್ನೂರಕ್ಕೆ ಬಂದು ನಿಂತು ನೋಡಿತು, ಹೆಣ್ಣುಗಳು ಕದಲಲಿಲ್ಲ. ಚುನಾವಣೆಯ ಪ್ಲಾಸ್ಟಿಕ್ ಫಲಕಗಳನ್ನು ಜೋಡಿಸಿ ಕತ್ತರಿಸಿದ ದನದ ಆಕೃತಿಯ ಹಿಂದೆ ಅಡಗಿ ನಡೆಯುವುದು ಗಾಳಿಯಿಲ್ಲದಾಗ ಚೆನ್ನಾಗಿಯೇ ನಡೆಯಿತು, ಗಾಳಿ ಎದ್ದ ಮೇಲೆ ಅದನ್ನು ಹಿಡಿದುಕೊಳ್ಳಲು ಇಬ್ಬರೂ ಬೇಕಾದರು. ಮಳೆಯ ಮುನ್ಸೂಚನೆ ಇದ್ದರೆ ಮಿನಿವ್ಯಾನನ್ನು ಡಾಂಬರು ರಸ್ತೆಯ ಹತ್ತಿರವೇ ನಿಲ್ಲಿಸಿ ನಡೆಯಿರಿ. ಅಲ್ಲಿನ ಜೇಡಿಮಣ್ಣಿನ ದಾರಿ ಒದ್ದೆಯಾದರೆ ಗಾಲಿಗೆ ಮೆತ್ತಿಕೊಂಡು ಪಿಕಪ್ಪನ್ನೂ ಬಿಡುವುದಿಲ್ಲ.

ಪರವಾನಗಿ, ಅರ್ಜಿ, ಸ್ಟಾಂಪ್ ಸೇರಿ ಇಬ್ಬರಿಗೂ ನೂರನಲವತ್ತೊಂದು ಡಾಲರ್. ಆರುನೂರು ಮೈಲಿಯ ಪೆಟ್ರೋಲಿಗೆ ಎಂಬತ್ತರ ಹತ್ತಿರ. ಒಂದು ಪೆಟ್ಟಿಗೆ ತೋಟಾ, ಆಪಿನ ಚಂದಾ, ತಳ್ಳುಗಾಡಿ, ಚಿಲ್ಲರೆ ಊಟ. ಸೆಪ್ಟೆಂಬರಿನ ಪಯಣವನ್ನು ಗುಡ್ಡ ಹತ್ತಲು ಹೇಗೂ ಹೋಗುತ್ತಿದ್ದುದರಿಂದ ಇದರಲ್ಲಿ ಸೇರಿಸಿಲ್ಲ. ಎಲುಬು ಬಿಡಿಸಿದ ಮಾಂಸ ಎರಡರಿಂದಲೂ ಅರವತ್ತೈದು ಪೌಂಡಿನಷ್ಟು ಬಂತು, ಎಂದರೆ ಪೌಂಡಿಗೆ ಐದು ಡಾಲರ್ ಚಿಲ್ಲರೆ. ಡೆನ್ವರ್‌ನಲ್ಲಿ ನಾನು ಆಡಿನ ಮಾಂಸಕ್ಕೆ ಕೊಡುವ ಬೆಲೆ ಅದರ ಎರಡರಷ್ಟು. ಕತ್ತರಿಸಿ ಕಟ್ಟಿಕೊಡುವವರಿಗೆ ಕೊಟ್ಟಿದ್ದರೆ ತಲಾ ನೂರೈವತ್ತು ಹೋಗುತ್ತಿತ್ತು, ಅಡುಗೆಮನೆಯ ಮೇಜಿನ ಮೇಲೆ ಒಂದು ಸಂಜೆಯಲ್ಲಿ ನಾವೇ ಮುಗಿಸಿದೆವು. ಭುಜದ ಮಾಂಸವನ್ನು ಕಾಳುಮೆಣಸು ಮತ್ತು ಕೊಡಗಿನ ಕಾಚಂಪುಳಿ ಹಾಕಿ ನಿಧಾನ ಉರಿಯಲ್ಲಿ ಬೇಯಿಸಿದ್ದು, ಕಾಲಿನ ಮಾಂಸದ ಕೈಮಾ ಉಂಡೆ, ಇವೆರಡೂ ಚೆನ್ನಾಗಿ ಬಂದವು. ಬೆನ್ನಿನ ಮಾಂಸದಲ್ಲಿ ಕೊಬ್ಬೇ ಇಲ್ಲದಿರುವುದರಿಂದ ಅದನ್ನು ಸಾರಿಗೆ ಹಾಕಬಾರದು; ಬಿಸಿ ಕಾವಲಿಯ ಮೇಲೆ ಪ್ರತಿ ಬದಿಗೆ ಎರಡು ನಿಮಿಷ ಇಟ್ಟು ತೆಗೆದುಬಿಡಬೇಕು.