ಬಳ್ಳಾರಿಯ ಮಾಳಿಗೆಯ ಮೇಲೆ ಸಾಕ್ಷ್ಯಚಿತ್ರ

ಗಾಜಿನ ಕಾರ್ಖಾನೆಯ ಯಂತ್ರದಲ್ಲಿ ಕತ್ತು ಮುರಿದ ಬಾಟಲಿಯೊಂದು ಸಿಕ್ಕಿಕೊಳ್ಳುತ್ತದೆ. ಹಿಂದೆ ಸಾಲಾಗಿ ಬರುತ್ತಿರುವ ಬಾಟಲಿಗಳು ಒಂದರ ಮೇಲೊಂದು ಬಿದ್ದು ಚೂರಾಗುತ್ತವೆ. ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ, ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಕೊನೆಗೆ ಮನುಷ್ಯನೇ ಬಂದು ಅದನ್ನು ಸರಿಮಾಡಬೇಕಾಗುತ್ತದೆ. ಆ ಕೆಲಸಗಾರ ಪರದೆಯ ಮೇಲೆ ಕಾಣಿಸಿಕೊಂಡಾಗ ನಮ್ಮ ಮಾಳಿಗೆಯ ಮೇಲೆ ಕೂತಿದ್ದ ಇಪ್ಪತ್ತೆರಡು ಜನರೂ ಒಟ್ಟಿಗೆ ‘ಹಾಂ’ ಎಂದರು. ಎಲ್ಲರೂ ಜೀನ್ಸ್ ಹೊಲಿಯುವವರು. ನಾಲ್ಕು ಪದರದ ಬಟ್ಟೆಯೊಳಗೆ ಸೂಜಿ ಮುರಿದರೆ ಏನಾಗುತ್ತದೆ ಎಂದು ಬೆರಳಿನಿಂದ ತಿಳಿದವರು.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜಾಬ್ ವರ್ಕ್ ಮಾಡುವ ಸಣ್ಣ ಘಟಕವೊಂದರ ಲೆಕ್ಕ ಬರೆಯುತ್ತೇನೆ. ಕತ್ತರಿಸಿದ ಬಟ್ಟೆಯ ಕಟ್ಟುಗಳು ನಮಗೆ ಬರುತ್ತವೆ, ಹೊಲಿದು ವಾಷಿಂಗಿಗೆ ಕಳಿಸುತ್ತೇವೆ. ಕೂಲಿ ಪೀಸಿಗೆ ಇಷ್ಟು ಎಂದು ಲೆಕ್ಕ. ನಾಲ್ಕು ವರ್ಷಗಳಿಂದ ತಿಂಗಳಿಗೊಂದು ಭಾನುವಾರ ಸಂಜೆ ಘಟಕದ ಮಾಳಿಗೆಯ ಮೇಲೆ ಸಾಕ್ಷ್ಯಚಿತ್ರ ತೋರಿಸುತ್ತಿದ್ದೇನೆ. ಪ್ರೊಜೆಕ್ಟರ್ ಹಳೆಯದು, ಕೊಂಡದ್ದು. ಪರದೆ ಒಂದು ಬಿಳಿ ಹಾಸಿಗೆ ಬಟ್ಟೆ. ಸ್ಪೀಕರನ್ನು ಮಾತ್ರ ಭಜನಾ ಮಂಡಳಿಯಿಂದ ಕೇಳಿ ತರುತ್ತೇನೆ, ಏಕೆಂದರೆ ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ದನಿ ಒಡೆದರೆ ಹತ್ತು ನಿಮಿಷವೂ ಕೂರುವುದಿಲ್ಲ. ಬೇಸಿಗೆಯಲ್ಲಿ ಕಾದ ನೆಲದ ಮೇಲೆ ನಾಲ್ಕು ಕೊಡ ನೀರು ಸುರಿದು, ಏಳು ಗಂಟೆಯ ನಂತರವೇ ಶುರು ಮಾಡುತ್ತೇವೆ.

ಆರಂಭದಲ್ಲಿ ನಾನು ತಪ್ಪು ಮಾಡಿದೆ. ಒಳ್ಳೆಯ ವಿಷಯ ಇರುವುದೇ ಒಳ್ಳೆಯ ಸಾಕ್ಷ್ಯಚಿತ್ರ ಎಂದು ನಂಬಿದ್ದೆ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಇಂಗ್ಲಿಷ್ ನಿರೂಪಣೆಯ ಚಿತ್ರವೊಂದನ್ನು ಹಾಕಿ, ಐದೈದು ನಿಮಿಷಕ್ಕೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸಿದೆ. ನಿಲ್ಲಿಸಿದಾಗಲೆಲ್ಲ ಇಬ್ಬರು ಮೂವರು ಎದ್ದು ಹೋದರು. ದಾರ ಕತ್ತರಿಸುವ ಕೆಲಸದ ಅಕ್ಕ ಮರುದಿನ ನನ್ನ ಮೇಜಿನ ಬಳಿ ಬಂದು, “ನೀವು ಬೇಜಾರಾಗಬಾರದು, ಅದರಲ್ಲಿ ನಮಗೆ ನೋಡುವುದಕ್ಕೆ ಏನೂ ಇರಲಿಲ್ಲ, ಕೇಳುವುದೇ ಇತ್ತು” ಎಂದರು. ನಾನು ಚಿತ್ರ ಆರಿಸುವ ರೀತಿ ಬದಲಾದದ್ದು ಆ ಮಾತಿನಿಂದ.

ಆಮೇಲೆ ಹಾಕಿದ್ದೇ ಮೇಲೆ ಹೇಳಿದ ಗಾಜಿನ ಚಿತ್ರ. ಹೆಸರು ‘ಗ್ಲಾಸ್’. ನೆದರ್‌ಲ್ಯಾಂಡ್ಸಿನ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ಮಾಡಿದ್ದು, ಆಸ್ಕರ್ ಪಡೆದದ್ದು, ಹತ್ತು ಹನ್ನೊಂದು ನಿಮಿಷದ್ದು. ನಿರೂಪಣೆ ಇಲ್ಲವೇ ಇಲ್ಲ. ಕೊಳವೆಯಲ್ಲಿ ಉಸಿರು ತುಂಬಿ ಗಾಜನ್ನು ಉಬ್ಬಿಸುವ ಕುಶಲಕರ್ಮಿಗಳ ಕೆನ್ನೆ, ಬೆರಳು, ಕಣ್ಣು, ಜೊತೆಗೆ ಜಾಝ್ ಸಂಗೀತ, ನಂತರ ಯಂತ್ರ. ಯಾರೇ ಸಾಕ್ಷ್ಯಚಿತ್ರ ನೋಡಲು ತೊಡಗುವುದಾದರೆ ನಾನು ಮೊದಲು ಹೇಳುವ ಹೆಸರು ಇದೇ. ಅಂದು ನಾವು ಅದನ್ನು ಮೂರು ಸಲ ನೋಡಿದೆವು.

1922ರ ‘ನ್ಯಾನೂಕ್ ಆಫ್ ದಿ ನಾರ್ತ್’ ಹಾಕಿದಾಗ ಮಾತ್ರ ನಾನು ನಿಜವಾಗಿ ಬೆರಗಾದೆ. ರಾಬರ್ಟ್ ಫ್ಲಾಹರ್ಟಿ ಕೆನಡಾದ ಹಿಮಪ್ರದೇಶದಲ್ಲಿ ಇನುಯಿಟ್ ಜನರ ನಡುವೆ ತೆಗೆದ ಮೂಕಿ ಚಿತ್ರ. ನಡುನಡುವೆ ಬರುವ ಬರಹಗಳನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಮಂಜಿನ ಗಟ್ಟಿಗಳನ್ನು ಕೊಯ್ದು ಗುಮ್ಮಟದಂಥ ಮನೆ ಕಟ್ಟುವುದನ್ನು ಜನ ಕಣ್ಣು ಮಿಟುಕಿಸದೆ ನೋಡಿದರು. ಚಿತ್ರ ಮುಗಿದ ಮೇಲೆ, ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತಿರುವ ಚಾಚಾ ಕೇಳಿದರು: “ಇಷ್ಟೇ ಇಷ್ಟು ಮನೆ, ಒಂದು ಕಿಟಕಿ. ಒಳಗೆ ಅಷ್ಟು ಬೆಳಕು ಎಲ್ಲಿಂದ ಬಂತಮ್ಮಾ?”

ಉತ್ತರ ನನಗೆ ಗೊತ್ತಿತ್ತು, ಆದರೆ ಈ ಪ್ರಶ್ನೆ ಅಲ್ಲಿಂದ ಬರುತ್ತದೆಂದು ಎಣಿಸಿರಲಿಲ್ಲ. ಒಳಗಿನ ದೃಶ್ಯಗಳಿಗಾಗಿ ಒಂದು ಪಾರ್ಶ್ವವೇ ಇಲ್ಲದ ದೊಡ್ಡ ಮನೆಯನ್ನು ಬೇರೆಯಾಗಿ ಕಟ್ಟಿಸಿದ್ದರು. ನಾಯಕನ ನಿಜವಾದ ಹೆಸರೂ ನ್ಯಾನೂಕ್ ಅಲ್ಲ, ಅಲ್ಲಾಕಾರಿಯಲ್ಲಾಕ್. ಆ ಹೊತ್ತಿಗೆ ಅವರ ಕೈಗೆ ಬಂದೂಕು ಬಂದಿತ್ತು, ಆದರೂ ಹಿರಿಯರ ಕಾಲದಂತೆ ಈಟಿಯಿಂದ ಬೇಟೆಯಾಡಿ ತೋರಿಸಿದರು. ಇದನ್ನೆಲ್ಲ ಹೇಳಿದಾಗ ಕೆಲವರು ಮೋಸ ಎಂದರು. ಚಾಚಾ ಒಪ್ಪಲಿಲ್ಲ. “ಕಟ್ಟುವ ಕೈ ಸುಳ್ಳಲ್ಲ. ಆ ಗಟ್ಟಿಯನ್ನು ಕೂಡಿಸಿದ್ದು ಬಲ್ಲವನೇ” ಎಂದರು. ಸಾಕ್ಷ್ಯಚಿತ್ರದಲ್ಲಿ ಯಾವುದು ಸಾಕ್ಷ್ಯ, ಯಾವುದು ಚಿತ್ರ ಎಂಬ ಚರ್ಚೆ ಅಂದು ರಾತ್ರಿ ಹತ್ತರವರೆಗೆ ನಡೆಯಿತು. ತಂದಿಟ್ಟ ಒಗ್ಗರಣೆ ಮಂಡಕ್ಕಿ, ಮಿರ್ಚಿ ಆರಿಹೋಗಿದ್ದವು.

ಭಾಷೆಯ ಬಗ್ಗೆ ನನ್ನ ಹೆದರಿಕೆಯನ್ನು ಪೂರ್ತಿ ಕಳೆದದ್ದು 2019ರ ‘ಹನಿಲ್ಯಾಂಡ್’. ಉತ್ತರ ಮ್ಯಾಸಿಡೋನಿಯದ, ಕರೆಂಟಿಲ್ಲದ ಕುಗ್ರಾಮವೊಂದರಲ್ಲಿ ಮುದಿ ತಾಯಿಯೊಂದಿಗೆ ಬದುಕುವ ಹತಿಜೆ ಎಂಬ ಹೆಂಗಸು ಬಂಡೆಯ ಸಂದಿಯಿಂದ ಜೇನು ತೆಗೆಯುತ್ತಾಳೆ. ಅರ್ಧ ತನಗೆ, ಅರ್ಧ ಹುಳುಗಳಿಗೆ. ಪಕ್ಕಕ್ಕೆ ಬಂದಿಳಿದ ದೊಡ್ಡ ಕುಟುಂಬವೊಂದು ವ್ಯಾಪಾರಿಯ ಒತ್ತಾಯಕ್ಕೆ ಸಿಕ್ಕು ಇದ್ದಷ್ಟನ್ನೂ ಹಿಂಡುತ್ತದೆ, ಅವರ ಹುಳುಗಳು ಹಸಿದು ಹತಿಜೆಯ ಹುಳುಗಳ ಮೇಲೆ ಬೀಳುತ್ತವೆ. ಮೂರು ವರ್ಷ ಚಿತ್ರೀಕರಿಸಿದ ನಿರ್ದೇಶಕರಿಗೂ ಆಕೆಯ ಟರ್ಕಿಶ್ ಮಾತು ತಿಳಿಯುತ್ತಿರಲಿಲ್ಲವಂತೆ, ಅದಕ್ಕೇ ಮೊದಲಿಗೆ ದೃಶ್ಯಗಳನ್ನೇ ನಂಬಿ ಸಂಕಲನ ಮಾಡಿದರು. ನಾನು ಆರಂಭದಲ್ಲಿ ಐದು ನಿಮಿಷ ಕಥೆ ಹೇಳಿ ಸುಮ್ಮನಾದೆ. ನಮ್ಮವರಲ್ಲಿ ಯಾರಿಗೂ ಒಂದು ಪದ ತಿಳಿಯದಿದ್ದರೂ ಎಲ್ಲವೂ ತಿಳಿಯಿತು.

ಬಳ್ಳಾರಿಯವರಿಗೆ ತಿಳಿಯದೆ ಇರುತ್ತದೆಯೇ? ಗುಂಡಿಯ ರಂಧ್ರ ಹೊಲಿಯುವ ಕಾಜಾ ಯಂತ್ರದ ಮೇಲೆ ಕೂರುವ ಒಬ್ಬರು ಮೊದಲು ಸಾಲ ಮಾಡಿ ಟಿಪ್ಪರ್ ಕೊಂಡು ಅದಿರು ಸಾಗಿಸುತ್ತಿದ್ದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಗಾಡಿ ನಿಂತಲ್ಲೇ ನಿಂತಿತು, ಕಂತು ನಿಲ್ಲಲಿಲ್ಲ. ಅವರು ಅಂದು ಹೇಳಿದ್ದು: “ಆ ಮನೆಯವನು ಕೆಟ್ಟವನಲ್ಲ. ಅವನಿಗೆ ಏಳು ಮಕ್ಕಳು. ವ್ಯಾಪಾರಿ ಮುಂಗಡ ಕೊಟ್ಟಿದ್ದಾನೆ. ನಾನೂ ಹಾಗೇ ಇದ್ದೆ.” ಅರ್ಧ ಬಿಡಬೇಕು ಎಂದು ಬೋಧಿಸುವುದು ಸುಲಭ. ಬಿಡಲಾಗದವನ ಕಷ್ಟವನ್ನೂ ಅದೇ ಕಣ್ಣಿನಿಂದ ತೋರಿಸಿದ್ದಕ್ಕೆ ಈ ಚಿತ್ರವನ್ನು ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ.

ಮಕ್ಕಳು ಬರುವ ದಿನಕ್ಕೆ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚೆನ್ನಾಗಿದೆ. ಮುದುಮಲೆಯ ಬೊಮ್ಮನ್, ಬೆಳ್ಳಿ ಮತ್ತು ಮರಿಯಾನೆಯ ಕಥೆ, 2023ರಲ್ಲಿ ಆಸ್ಕರ್ ಪಡೆಯಿತು. ಯುವಕರು ಹೆಚ್ಚಿದ್ದರೆ, ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್ನಿಗಾಗಿ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ಮಾಡಿದ ‘ಐ ಆ್ಯಮ್ 20’. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದವರನ್ನು ಅವರ ಇಪ್ಪತ್ತರ ವಯಸ್ಸಿನಲ್ಲಿ ಮಾತನಾಡಿಸುವ ಪುಟ್ಟ ಚಿತ್ರ. ನಮ್ಮ ಹುಡುಗರಿಗೂ ಅವೇ ಪ್ರಶ್ನೆಗಳನ್ನು ಕೇಳಿದೆ, ತಡಬಡಾಯಿಸಿದರೂ ಮನಸ್ಸು ಬಿಚ್ಚಿ ಹೇಳಿದರು.

ಒಂದು ಚಿತ್ರದ ನಂತರ ಮಾತ್ರ ನಾನು ಚರ್ಚೆ ಮಾಡಿಸಲಿಲ್ಲ. ದೀಪಾ ಭಾಟಿಯಾ ಅವರ ‘ನೀರೋಸ್ ಗೆಸ್ಟ್ಸ್’, 2009ರದ್ದು. ವಿದರ್ಭದ ಹತ್ತಿ ರೈತರ ಆತ್ಮಹತ್ಯೆಗಳನ್ನು ವರದಿ ಮಾಡುತ್ತ ಹೋಗುವ ಪತ್ರಕರ್ತ ಪಿ. ಸಾಯಿನಾಥ್ ಅವರನ್ನು ಹಿಂಬಾಲಿಸುವ ಚಿತ್ರ. ರೋಮಿನ ಚಕ್ರವರ್ತಿ ನೀರೋ ಕೈದಿಗಳನ್ನು ಸುಟ್ಟು ಆ ಬೆಳಕಿನಲ್ಲಿ ಔತಣ ನಡೆಸಿದನಂತೆ. ಸಾಯಿನಾಥ್ ಕೇಳುವುದು ನೀರೋ ಬಗ್ಗೆ ಅಲ್ಲ, ಆ ಬೆಳಕಿನಲ್ಲಿ ಉಂಡ ಅತಿಥಿಗಳ ಬಗ್ಗೆ. ನಮ್ಮಲ್ಲಿ ರಾಯಚೂರು ಕಡೆಯ ಹತ್ತಿ ಹೊಲಗಳನ್ನು ಬಿಟ್ಟು ಬಂದ ಮೂರು ಮನೆಯವರಿದ್ದಾರೆ. ಜೀನ್ಸ್ ಬಟ್ಟೆ ಹತ್ತಿಯಿಂದಲೇ ಬರುತ್ತದೆ ಎಂಬುದನ್ನು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಪರದೆ ಮಡಚಿ, ನೀರು ಕುಡಿದು, ಎಲ್ಲರೂ ಮೌನವಾಗಿ ಮೆಟ್ಟಿಲಿಳಿದೆವು.

ಕೊನೆಯದಾಗಿ ‘ಮಷೀನ್ಸ್’. ರಾಹುಲ್ ಜೈನ್ 2016ರಲ್ಲಿ ಮಾಡಿದ್ದು, ಗುಜರಾತಿನ ಬಟ್ಟೆ ಗಿರಣಿಯೊಂದರ ಒಳಗೇ ನಡೆಯುತ್ತದೆ. ಬಣ್ಣದ ಹಂಡೆಗಳು, ಆವಿ, ಹನ್ನೆರಡು ಗಂಟೆಯ ಪಾಳಿ. ಮಾತು ಹಿಂದಿಯಲ್ಲಿರುವುದರಿಂದ ಅಂದು ಚಾಚಾ ಅವರೇ ದುಭಾಷಿ. ಯಂತ್ರದ ಮುಂದೆ ನಿಂತ ಹುಡುಗನೊಬ್ಬ ತೂಕಡಿಸುತ್ತಾನೆ, ತಲೆ ಬೀಳುತ್ತದೆ, ಮತ್ತೆ ಎತ್ತುತ್ತಾನೆ. ಅಲ್ಲಿ ಚಾಚಾ ಅನುವಾದಿಸಲು ಏನೂ ಇರಲಿಲ್ಲ. ಒಂದು ಕಡೆ ಕೆಲಸಗಾರರು ಕ್ಯಾಮೆರಾವನ್ನು ಸುತ್ತುವರಿದು ನಿರ್ದೇಶಕನನ್ನೇ ಕೇಳುತ್ತಾರೆ: ನೀವೂ ಬಂದು ನಮ್ಮ ಕಷ್ಟ ನೋಡಿ ಹೋಗುತ್ತೀರಿ, ನಾವೇನು ಮಾಡಬೇಕು ಹೇಳಿ, ಮಾಡುತ್ತೇವೆ ಎಂದು. ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ.

ದೀಪ ಹಾಕಿದ ಮೇಲೆ ಓವರ್‌ಲಾಕ್ ಹೊಡೆಯುವ ಅಕ್ಕ ನನ್ನ ಕಡೆ ತಿರುಗಿದರು. “ಅವರಿಗೆ ಆತ ಉತ್ತರ ಕೊಡಲಿಲ್ಲ. ನಮ್ಮ ಲೆಕ್ಕ ಬರೆಯುವವರು ನೀವು. ಒಂದು ಪ್ಯಾಂಟಿಗೆ ಎಷ್ಟು ಬರುತ್ತದೆ, ಎಲ್ಲಿ ಎಷ್ಟು ಹೋಗುತ್ತದೆ, ನೀವಾದರೂ ಹೇಳುತ್ತೀರಾ?”

ನಾನು ಎರಡು ವಾರ ನಿದ್ದೆಗೆಟ್ಟು, ಕೊನೆಗೆ ಮಾಲೀಕರನ್ನು ಕೇಳಿದೆ. ಅವರು ಯೋಚಿಸಿ, “ಸರಿ, ನಾನೂ ಬಂದು ಕೂರುತ್ತೇನೆ” ಎಂದರು. ಮುಂದಿನ ಭಾನುವಾರ ಮಾಳಿಗೆಯ ಮೇಲೆ ಪರದೆ ಕಟ್ಟಲಿಲ್ಲ. ಲೆಕ್ಕದ ಪುಸ್ತಕ ತಂದು, ದಾರಕ್ಕೆಷ್ಟು, ಕರೆಂಟಿಗೆಷ್ಟು, ಬಾಡಿಗೆಗೆಷ್ಟು, ಕೂಲಿಗೆಷ್ಟು ಎಂದು ಒಂದೊಂದೇ ಸಾಲು ಓದಿದೆ. ಎರಡೂವರೆ ಗಂಟೆ ಹಿಡಿಯಿತು. ಈ ಸಲ ಯಾರೂ ಎದ್ದು ಹೋಗಲಿಲ್ಲ.